ನೂರಕ್ಕೆ ಎಷ್ಟು

ಸೋಹಾರಿನ ಈ ಕ್ಲಿನಿಕ್ಕು ದರ್ಜಿ ಅಂಗಡಿಯ ಮೇಲಿದೆ.
ಕೆಳಗೆ ಹೊಲಿಗೆ ಯಂತ್ರ ನಿಂತಾಗಲೆಲ್ಲ
ಮೇಲೆ ನನ್ನೆದುರು ಕೂತವರೂ ಮಾತು ನಿಲ್ಲಿಸುತ್ತಾರೆ,
ಯಾರೋ ಕಿವಿಗೊಟ್ಟರು ಅನ್ನುವ ಹಾಗೆ.

ನಾನು ಬಂದು ಮೂರು ತಿಂಗಳು.
ಗೋಡೆಯ ಸರ್ಟಿಫಿಕೇಟಿನ ಗಾಜಿಗೆ
ಫ್ರೇಮಿನ ಬೆಲೆಚೀಟಿ ಇನ್ನೂ ಅಂಟಿಕೊಂಡಿದೆ.

ಮಂಗಳವಾರ ನಡುಹಗಲಿನ ಬಿಡುವಿಗೆ ಬರುವವರ
ಪೂರ್ತಿ ಹೆಸರು ಹೇಳಬಾರದು.
ಕೊನೆಯಲ್ಲಿ ಗಟ್ಟಿ ಎಂದಿದೆ, ಅಷ್ಟೇ.
ದನಿ ಮಾತ್ರ ಹಾಗಿಲ್ಲ.
ಬಂದರಿನ ಗೋದಾಮಿನಲ್ಲಿ ಲೆಕ್ಕ ಬರೆಯುತ್ತಾರೆ.
ರಾತ್ರಿ ಮೂರಕ್ಕೆ ಎದೆ ಹಿಡಿದುಕೊಳ್ಳುತ್ತದೆ.
ಇಸಿಜಿ ಎರಡು ಸಲ ತೆಗೆಸಿದ್ದಾಯಿತು,
ಎರಡು ಸಲವೂ ಶುದ್ಧ.

ಹಾಳೆಯ ಮೇಲೆ ಗೆರೆ ಎಳೆದೆ, ಕಲಿತ ಹಾಗೆ.
ಏನಾಯಿತು? ಶುಕ್ರವಾರವೂ ಬಾ ಅಂದ, ಫೋರ್‌ಮನ್.
ನೀವೇನಂದಿರಿ? ಹ್ಞೂಂ.
ಮನಸ್ಸು ಏನಂದಿತು?
ಇಲ್ಲ ಅಂದರೆ ವೀಸಾ ಹೋಯಿತು ಅಂತ.
ಎಷ್ಟು ನಂಬುತ್ತೀರಿ, ನೂರಕ್ಕೆ?
ಲೆಕ್ಕದವರಲ್ಲವೇ,
ತೊಂಬತ್ತೆರಡು, ಅಂದರು.

ಅತಿರೇಕದ ಯೋಚನೆ, ಎಂದು ಅಂಚಿನಲ್ಲಿ
ಪೆನ್ಸಿಲ್ಲಿನಲ್ಲಿ ಬರೆದುಕೊಂಡೆ.

ಸಂಜೆ ಡಾಕ್ಟರ್ ಬುದೂರ್ ಕನ್ನಡಕ ತೆಗೆದು ಕೇಳಿದರು:
ನಿನ್ನ ಪಾಸ್‌ಪೋರ್ಟ್ ಎಲ್ಲಿದೆ?
ನನ್ನ ಬ್ಯಾಗಿನಲ್ಲಿ.
ಅವನದು?
ನಾನು ಕೇಳಿರಲಿಲ್ಲ.
ಯೋಚನೆ ಸುಳ್ಳೇ ಅಂತ ಕೇಳಬೇಡ ಹುಡುಗಿ,
ಎಷ್ಟು ನಿಜ ಅಂತ ಕೇಳು, ಅಂದರು.
ರಬ್ಬರು ತೆಗೆದುಕೊಂಡು ಉಜ್ಜಿದೆ.
ಅಕ್ಷರ ಹೋಯಿತು, ಒತ್ತಿದ ಗುರುತು ಹೋಗಲಿಲ್ಲ.

ಎಷ್ಟೊಂದು ಇವೆ ನಮ್ಮ ಭಾಷೆಯಲ್ಲಿ!
ಅಲ್ಲ ಬೇರೆ, ಇಲ್ಲ ಬೇರೆ, ಬೇಡ ಬೇರೆ,
ಆಗದು, ಕೂಡದು, ಬಾರದು,
ಮತ್ತೆ ನಮ್ಮ ಜಮಖಂಡಿಯ ಒಲ್ಲೆ.
ಅದರೊಳಗೆ ನಾನು ಅನ್ನುವುದು ಆಗಲೇ ಕೂತಿರುತ್ತದೆ,
ಬೇರೆ ಕರೆಯಬೇಕಿಲ್ಲ.
ಮೂರು ವರ್ಷದವಳು ತಾಟು ತಳ್ಳಿ
ಒಲ್ಲೆ ಅಂದರೆ ಓಣಿಗೆಲ್ಲ ಕೇಳುತ್ತಿತ್ತಂತೆ.
ಆ ಹುಡುಗಿ ಯಾವ ಏರ್‌ಪೋರ್ಟಿನಲ್ಲಿ ಉಳಿದಳೋ.

ಮುಂದಿನ ಮಂಗಳವಾರ ಕುರ್ಚಿ ಎದುರುಬದುರು ಹಾಕಿದೆವು.
ಯೋಚನೆಗೆ ಅಲ್ಲ ಅನ್ನುವುದು ಒಂದು ಪಾಠ,
ಫೋರ್‌ಮನ್‌ಗೆ ಆಗಲ್ಲ ಅನ್ನುವುದು ಇನ್ನೊಂದು,
ಇವತ್ತು ಎರಡನೆಯದು, ಅಂದೆ.
ನಾನೇ ಫೋರ್‌ಮನ್ ಆದೆ. ಚೆನ್ನಾಗಿಯೇ ಆದೆ,
ಅವರು ಎದ್ದು ನಿಂತುಬಿಟ್ಟರು.
ಸರಿ, ಅದಲುಬದಲು ಮಾಡೋಣ.
ನೀವು ಫೋರ್‌ಮನ್, ನಾನು ನೀವು.
ಶುಕ್ರವಾರ ಬಾ, ಅಂದರು ಮೆಲ್ಲಗೆ.
ಬಾಯಿ ತೆರೆದೆ:
ಸಾರಿ ಸರ್, ಅದೇನಂದರೆ, ಸಾರಿ...
ಅವರು ನಕ್ಕರು. ಈ ಕೋಣೆಯಲ್ಲಿ ಮೊದಲ ಸಲ.
ಮೇಡಂ, ನಿಮಗೂ ಉಂಟಾ ಇದು?

ಉಂಟು.
ಮ್ಯಾನೇಜರ್ ತಂಗಚ್ಚನ್ ಬಾಗಿಲಲ್ಲಿ ತಲೆ ಹಾಕಿ
ಇನ್ನೊಬ್ಬರು, ಹತ್ತೇ ನಿಮಿಷ, ಅನ್ನುತ್ತಾರೆ,
ನನ್ನ ಊಟದ ಡಬ್ಬಿ ಮುಚ್ಚಿದ ಹಾಗೇ ಮನೆಗೆ ಹೋಗುತ್ತದೆ.
ಅವರಿಗೆ ಹೇಳಲಿಲ್ಲ.
ಒಂದು ಏಣಿ ಬರೆದೆವು,
ತುದಿಯಲ್ಲಿ ಫೋರ್‌ಮನ್.
ಕೆಳಗಿನ ಮೆಟ್ಟಿಲು ಖಾಲಿ ಬಿಟ್ಟು
ನೀವೇ ತುಂಬಿ, ಅಂದೆ.

ಮೂರನೆಯ ವಾರ ಕೂದಲು ಕತ್ತರಿಸಿಕೊಂಡು ಬಂದರು.
ಆ ಕ್ಷೌರದವ ಕೊನೆಗೆ ತಲೆಗೆ ಪಟಪಟ ಬಡಿದು
ಕುತ್ತಿಗೆ ಹಿಡಿದು ಲಟಕ್ ಅನ್ನಿಸುತ್ತಾನಂತೆ.
ಏಳು ವರ್ಷ.
ಏಳು ವರ್ಷವೂ ಇವರಿಗೆ ಅದು ಹೆದರಿಕೆ.
ಬೇಡ ಅಂದೆ, ಅಂದರು.
ಅವನೇನಂದ?
ಏನಿಲ್ಲ. ಟವೆಲು ಕೊಡವಿದ.
ಫೋರ್‌ಮನ್?
ಅದು ಇನ್ನೂ ಎಂಬತ್ತೈದು, ಮೇಡಂ.
ಪಾಸ್‌ಪೋರ್ಟ್ ಅವರ ಕಪಾಟಿನಲ್ಲೇ ಉಂಟಲ್ಲ.
ಕೆಳಗೆ ಯಂತ್ರ ನಿಂತಿತು.
ಅವರು ಮಾತಾಡುತ್ತಲೇ ಇದ್ದರು.

ಹೊರಡುವಾಗ ಬಾಗಿಲು ತೆರೆದರೆ
ಅಲ್ಲೇ ನಿಂತಿದ್ದಾರೆ ತಂಗಚ್ಚನ್, ಕೈಯಲ್ಲಿ ಫೈಲು.
ಇನ್ನೊಬ್ಬರು, ಹತ್ತೇ...
ಗಟ್ಟಿಯವರು ಚಪ್ಪಲಿ ಮೆಟ್ಟಿಕೊಳ್ಳುವುದನ್ನು
ನಿಧಾನ ಮಾಡಿದರು, ಮತ್ತೂ ನಿಧಾನ ಮಾಡಿದರು.
ತಲೆ ಎತ್ತದೆ, ನನಗಷ್ಟೇ ಕೇಳುವಂತೆ, ಅಂದರು:
ನೂರಕ್ಕೆ ಎಷ್ಟು, ಮೇಡಂ?